ಗಾಲ್ಫ್ ಚೆಂಡು ಮತ್ತು ಕಿಟಕಿ ಗಾಜು: ಒಂದು ಹಳೇ ಜಗಳದ ಕಥೆ

ಭಾಗ 1/8: ಮೂರನೇ ಸಲ ಒಡೆದ ಕಿಟಕಿ

ಲಾಟೀನಿನ ಸರಣಿ ಆದ್ಮೇಲೆ "ಮುಂದೇನು?" ಅಂತ ತುಂಬಾ ಜನ ಕೇಳಿದ್ರಿ. ಈ ಸಲ ಗಾಜು. ಅದೂ ಒಡೆದ ಗಾಜು.

ನಮ್ಮ ಸೋದರಮಾವನದು ಗಾಜು ಫಿಟ್ಟಿಂಗ್ ಕೆಲಸ. ರಜೆ ಇದ್ದಾಗ ನಾನೂ ಸ್ಕೂಟರ್ ಹಿಂದೆ ಕೂತು ಗಾಜು ಹಿಡ್ಕೊಂಡು ಹೋಗ್ತೀನಿ. ಹೋದ ತಿಂಗಳು ಊರಂಚಿನ ಒಂದು ಬಡಾವಣೆಗೆ ಹೋಗಿದ್ವಿ. ಮನೆ ಕಾಂಪೌಂಡಿನ ಆಚೆಗೇ ಗಾಲ್ಫ್ ಮೈದಾನ. ಮನೆಯಲ್ಲಿ ರಿಟೈರ್ಡ್ ಟೀಚರ್ ಒಬ್ರು, ಜೊತೆಗೆ ಮೊಮ್ಮಗಳು. ಮಾವ ಆ ಒಂದೇ ಕಿಟಕಿಗೆ ಗಾಜು ಹಾಕ್ತಿರೋದು ಅದು ಮೂರನೇ ಸಲವಂತೆ.

ಟೀಚರ್ ಒಂದು ಹಳೇ ರಾಗಿ ಡಬ್ಬ ತಂದು ನಮ್ಮ ಮುಂದೆ ಇಟ್ರು. ಒಳಗೆ ಗಾಲ್ಫ್ ಚೆಂಡುಗಳು. ಎಣಿಸಿದೆ, 41. ಪ್ರತಿ ಚೆಂಡಿನ ಮೇಲೂ ಪೆನ್ನಲ್ಲಿ ತಾರೀಖು ಬರೆದಿದ್ರು. ಎರಡು ವರ್ಷದಲ್ಲಿ ಅಂಗಳಕ್ಕೆ, ತಾರಸಿಗೆ, ಕಿಟಕಿಗೆ ಬಂದಿದ್ದು. "ಹಾಜರಿ ಪುಸ್ತಕ ಬರೆದ ಅಭ್ಯಾಸ ನೋಡಪ್ಪ, ಬಿಡೋಕಾಗಲ್ಲ" ಅಂತ ನಕ್ರು.

ನಂಗೆ ನಗು ಬರ್ಲಿಲ್ಲ. ಯಾಕಂದ್ರೆ ಆ ಕಿಟಕಿ ಹತ್ರ ಇದ್ದ ಮೊಮ್ಮಗಳ ಓದೋ ಮೇಜನ್ನ ಎತ್ತಿ ಅಡುಗೆಮನೆ ಪಕ್ಕದ ಕತ್ತಲೆ ಮೂಲೆಗೆ ಹಾಕಿದ್ರು. ಹುಡುಗಿ ಎಂಟನೇ ಕ್ಲಾಸು. ಹಗಲು ಹೊತ್ತಲ್ಲೇ ಲೈಟ್ ಹಾಕ್ಕೊಂಡು ಬರೀತಿದ್ಳು.

ಮೈದಾನದವ್ರನ್ನ ಕೇಳಿದ್ರೆ ಒಂದೇ ಉತ್ತರವಂತೆ: "ನಾವು ಮೊದಲು ಬಂದವ್ರು. ನೀವು ಆಮೇಲೆ ಮನೆ ಕಟ್ಟಿದ್ದು."

ವಾಪಸ್ ಬರ್ತಾ ದಾರಿಯುದ್ದಕ್ಕೂ ಅದೇ ಯೋಚನೆ. ಮೊದಲು ಬಂದವ್ರಿಗೆ ಬೇರೆಯವರ ಗಾಜು ಒಡೆಯೋ ಹಕ್ಕು ಇರುತ್ತಾ? ಮನೆಗೆ ಬಂದು ಹುಡುಕೋಕೆ ಶುರು ಮಾಡ್ದೆ. ಈ ಜಗಳ ನಾನು ಅಂದ್ಕೊಂಡಿದ್ದಕ್ಕಿಂತ ತುಂಬಾ ಹಳೇದು.

ಭಾಗ 2/8: ಊರಿನ ಮಧ್ಯದ ಆಟ

ಗಾಲ್ಫ್ ಅಂದ್ರೆ ನಮಗೆ ದೊಡ್ಡ ಗೇಟು, ಸೆಕ್ಯುರಿಟಿ, ಮೆಂಬರ್‌ಶಿಪ್ ನೆನಪಾಗುತ್ತೆ. ಹುಟ್ಟಿದ್ದು ಹಾಗಲ್ಲ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಊರಿಗೂ ಸಮುದ್ರಕ್ಕೂ ನಡುವಿನ ಮರಳು ಹುಲ್ಲುಗಾವಲಲ್ಲಿ, ಊರಿನ ಜನ ಆಡ್ತಿದ್ದ ಆಟ ಇದು. ಆ ಜಾಗಕ್ಕೆ "ಲಿಂಕ್ಸ್" ಅಂತಾರೆ. ನಮ್ಮ ಕಡೆ ಗೋಮಾಳ ಹೇಗೋ ಹಾಗೆ, ಎಲ್ಲರೂ ಓಡಾಡೋ ಜಾಗ.

1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧ ಮಾಡ್ತು. ಆಗ ಎರಡನೇ ಜೇಮ್ಸ್ ರಾಜ. ಕಾರಣ ಕಿಟಕಿ ಒಡೆದಿದ್ದಲ್ಲ. ಹುಡುಗ್ರು ಬಿಲ್ಲುಗಾರಿಕೆ ಅಭ್ಯಾಸ ಬಿಟ್ಟು ಆಟದಲ್ಲಿ ಮುಳುಗಿದ್ದಾರೆ, ಇಂಗ್ಲೆಂಡ್ ಮೇಲೆ ಬಿದ್ರೆ ಯುದ್ಧ ಮಾಡೋರು ಯಾರು ಅನ್ನೋ ಚಿಂತೆ! ಪರೀಕ್ಷೆ ಟೈಮಲ್ಲಿ ಅಪ್ಪ ಬ್ಯಾಟ್ ಎತ್ತಿ ಅಟ್ಟದ ಮೇಲೆ ಇಟ್ಟ ಹಾಗೆ.

ಆದ್ರೆ ಆಟ ನಿಲ್ಲಲಿಲ್ಲ. ಸೇಂಟ್ ಆಂಡ್ರೂಸ್ ಅನ್ನೋ ಊರಲ್ಲಿ 1552ರ ಸನದಿನಲ್ಲಿ, ಲಿಂಕ್ಸ್ ಮೇಲೆ ಗಾಲ್ಫ್ ಆಡೋದು ಊರ ಜನರ ಹಕ್ಕು ಅಂತ ಆರ್ಚ್‌ಬಿಷಪ್ಪರೇ ಒಪ್ಪಿಕೊಂಡ್ರು.

ಅಲ್ಲಿನ ಓಲ್ಡ್ ಕೋರ್ಸ್ ಇವತ್ತಿಗೂ ಹಾಗೇ ಇದೆ. 1ನೇ ಮತ್ತು 18ನೇ ಹೋಲ್‌ಗಳಿಗೆ ಅಡ್ಡಲಾಗಿ ಒಂದು ಸಾರ್ವಜನಿಕ ರಸ್ತೆ ಹೋಗುತ್ತೆ. 18ನೇ ಹೋಲಿನ ಬಲಗಡೆ ರಸ್ತೆ, ರಸ್ತೆ ದಾಟಿದ್ರೆ ಸಾಲು ಕಟ್ಟಡ, ಅಂಗಡಿ, ಕಿಟಕಿ. 17ನೇ ಹೋಲಲ್ಲಂತೂ ಹಳೇ ರೈಲ್ವೆ ಶೆಡ್ಡಿನ ಆಕಾರದ ಗೋಡೆ ಮೇಲಿಂದ, ಹೋಟೆಲ್ ಪಕ್ಕದಲ್ಲೇ ಚೆಂಡು ಹಾರಿಸಬೇಕು.

ಬಲಗಡೆ ಅನ್ನೋದನ್ನ ನೆನಪಿಟ್ಕೊಳ್ಳಿ. ಬಲಗೈ ಆಟಗಾರ ಸರಿಯಾಗಿ ಹೊಡೀದಿದ್ರೆ ಚೆಂಡು ಹೆಚ್ಚಾಗಿ ಬಲಕ್ಕೆ ಬಾಗಿ ಹೋಗುತ್ತೆ. ಇದಕ್ಕೆ "ಸ್ಲೈಸ್" ಅಂತಾರೆ. ಹೊಸಬರು ಮಾಡೋ ಮಾಮೂಲಿ ತಪ್ಪು. ಹಾಗಾಗಿ ಆಟಗಾರನ ಬಲಗಡೆ ಯಾರ ಮನೆ ಇದೆಯೋ ಅವರ ಕಿಟಕಿಗೇ ಕಂಟಕ ಜಾಸ್ತಿ.

ಟೀಚರ್ ಮನೆ ಯಾವ ಕಡೆ ಇದೆ ಅಂತ ಕೇಳ್ಬೇಡಿ. ಬಲಗಡೆಯೇ.

ಭಾಗ 3/8: ಚೆಂಡೂ ಅಗ್ಗ ಆಯ್ತು, ಗಾಜೂ ಅಗ್ಗ ಆಯ್ತು

ಹಳೇ ಕಾಲದ ಗಾಲ್ಫ್ ಚೆಂಡು ಚರ್ಮದ ಚೀಲ. ಒಳಗೆ ಬೇಯಿಸಿದ ಹಕ್ಕಿ ಪುಕ್ಕ ಒತ್ತಿ ಒತ್ತಿ ತುಂಬಿ ಹೊಲೀತಿದ್ರು. ನುರಿತ ಕೈಯಿಂದ ದಿನಕ್ಕೆ ಮೂರು ನಾಲ್ಕು ಚೆಂಡು ಆದ್ರೆ ಹೆಚ್ಚು. ಬೆಲೆ ಅಷ್ಟೇ ದುಬಾರಿ. ಆಡೋರು ಕಮ್ಮಿ, ಕಳ್ಕೊಳ್ಳೋ ಮನಸ್ಸೂ ಕಮ್ಮಿ.

1848ರ ಸುಮಾರಿಗೆ ಗಟ್ಟಾ ಪರ್ಚಾ ಚೆಂಡು ಬಂತು. ಇದು ಮಲಯ ಕಡೆಯ ಒಂದು ಮರದ ಹಾಲಿನಿಂದ ಆಗೋ ಅಂಟು. ಬಿಸಿ ಮಾಡಿದ್ರೆ ಮೆತ್ತಗಾಗುತ್ತೆ, ಉಂಡೆ ಕಟ್ಟಿ ಆರಿಸಿದ್ರೆ ಗಟ್ಟಿ. ಸಮುದ್ರದೊಳಗಿನ ಟೆಲಿಗ್ರಾಫ್ ತಂತಿಗೆ ಸುತ್ತಿದ್ದೂ ಇದನ್ನೇ. ಚೆಂಡು ಅಗ್ಗ ಆಯ್ತು, ಆಟ ಹಬ್ಬಿತು.

ಈಗ ಇದೇ ಹೊತ್ತಲ್ಲಿ ಕಿಟಕಿ ಕಡೆ ಏನಾಗ್ತಿತ್ತು ನೋಡಿ. ಬ್ರಿಟನ್ನಲ್ಲಿ ಗಾಜಿನ ಮೇಲೆ ಸುಂಕ ಇತ್ತು, ಅದನ್ನ 1845ರಲ್ಲಿ ತೆಗೆದ್ರು. 1696ರಿಂದ ಮನೆ ಕಿಟಕಿಗಳನ್ನ ಎಣಿಸಿ ತೆರಿಗೆ ಹಾಕ್ತಿದ್ರು (ತೆರಿಗೆ ತಪ್ಪಿಸೋಕೆ ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಡ್ತಿದ್ರು!), ಅದು 1851ರಲ್ಲಿ ಹೋಯ್ತು. ಅಂದ್ರೆ ಬರೀ ಆರು ವರ್ಷದ ಅಂತರದಲ್ಲಿ ಕಿಟಕಿಯೂ ಅಗ್ಗ, ಅದನ್ನ ಒಡೆಯೋ ಚೆಂಡೂ ಅಗ್ಗ. ಇದು ನಂಗೆ ಈ ಇಡೀ ಹುಡುಕಾಟದಲ್ಲಿ ಸಿಕ್ಕ ಮಜಾ ವಿಷಯ.

ಮುಂದಿನ ಹೆಜ್ಜೆ ಅಮೆರಿಕದಲ್ಲಿ. 1898ರಲ್ಲಿ ಕೋಬರ್ನ್ ಹ್ಯಾಸ್ಕೆಲ್ ಅನ್ನೋರು ರಬ್ಬರ್ ದಾರವನ್ನ ಎಳೆದು ಬಿಗಿಯಾಗಿ ಸುತ್ತಿ ಚೆಂಡು ಮಾಡೋ ಉಪಾಯ ಕಂಡುಹಿಡಿದ್ರು. ಅದು ಹಳೇ ಚೆಂಡಿಗಿಂತ ದೂರ ಹೋಗ್ತಿತ್ತು. 1902ರ ಬ್ರಿಟಿಷ್ ಓಪನ್ ಗೆದ್ದ ಸ್ಯಾಂಡಿ ಹರ್ಡ್ ಆಡಿದ್ದು ಈ ಚೆಂಡಲ್ಲೇ. ಚೆಂಡು ದೂರ ಹೋಗೋಕೆ ಶುರುವಾಯ್ತು, ಮೈದಾನದ ಬೇಲಿ ಇದ್ದಲ್ಲೇ ಇತ್ತು.

ಈಗಿನ ನಿಯಮದ ಪ್ರಕಾರ ಚೆಂಡಿನ ತೂಕ 45.93 ಗ್ರಾಂ ಮೀರೋ ಹಾಗಿಲ್ಲ, ಅಡ್ಡಳತೆ 42.67 ಮಿ.ಮೀ.ಗಿಂತ ಕಮ್ಮಿ ಇರೋ ಹಾಗಿಲ್ಲ. ದೊಡ್ಡ ಆಟಗಾರರು ಹೊಡೆದಾಗ ಅದು ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿ ಹೊರಡುತ್ತೆ. ಫಿಸಿಕ್ಸ್ ಬುಕ್ ತೆಗೆದು ಲೆಕ್ಕ ಹಾಕಿ: ಸುಮಾರು 130 ಜೌಲ್. 140 ಕಿ.ಮೀ. ವೇಗದ ಬೌಲರ್ ಎಸೆದ ಕ್ರಿಕೆಟ್ ಚೆಂಡಲ್ಲಿ ಸುಮಾರು 120 ಜೌಲ್. ದೂರ ಹೋದ ಹಾಗೆ ವೇಗ ಇಳಿಯುತ್ತೆ ನಿಜ. ಆದ್ರೆ ಹೊರಡೋವಾಗ ನಿಂಬೆಹಣ್ಣಿನ ಗಾತ್ರದ ಗಾಲ್ಫ್ ಚೆಂಡಲ್ಲಿ ಫಾಸ್ಟ್ ಬೌಲರ್ ಕೂತಿರ್ತಾನೆ.

ಭಾಗ 4/8: ಟ್ಯಾಕ್ಸಿ ಡ್ರೈವರನ ಕಣ್ಣು

ಇಲ್ಲಿವರೆಗೆ ತಮಾಷೆ. ಇನ್ನು ಮುಂದಿನದು ಅಲ್ಲ.

1919ರ ಆಗಸ್ಟ್. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯ. ಒಬ್ಬ ಟ್ಯಾಕ್ಸಿ ಡ್ರೈವರ್ ಡೀಲ್ ಅನ್ನೋ ಊರಿಂದ ರ‍್ಯಾಮ್ಸ್‌ಗೇಟ್ ಕಡೆ ಹೋಗ್ತಿದ್ದ. ರಸ್ತೆ ಪಕ್ಕ ಸೇಂಟ್ ಆಗಸ್ಟಿನ್ಸ್ ಲಿಂಕ್ಸ್ ಅನ್ನೋ ಗಾಲ್ಫ್ ಮೈದಾನ. ಅದರ 13ನೇ ಹೋಲ್ ರಸ್ತೆಗೆ ಸಮಾನಾಂತರ. ಆಟಗಾರ ಹೊಡೆದ, ಚೆಂಡು ಸ್ಲೈಸ್ ಆಗಿ ನೇರ ಟ್ಯಾಕ್ಸಿಯ ಮುಂದಿನ ಗಾಜಿಗೆ. ಗಾಜಿನ ಚೂರು ಡ್ರೈವರನ ಕಣ್ಣಿಗೆ. ಕೆಲವೇ ದಿನದಲ್ಲಿ ಆ ಕಣ್ಣನ್ನ ತೆಗೀಬೇಕಾಯ್ತು.

ಕೇಸು ಕೋರ್ಟಿಗೆ ಹೋಯ್ತು, 1922ರಲ್ಲಿ ತೀರ್ಪು ಬಂತು. ಕೋರ್ಟು ಗಮನಿಸಿದ್ದು ಆ ಒಂದು ಹೊಡೆತವನ್ನಷ್ಟೇ ಅಲ್ಲ. ಆ ಜಾಗದಿಂದ ಚೆಂಡುಗಳು ರಸ್ತೆಗೆ ಬರ್ತಾನೇ ಇದ್ವು ಅನ್ನೋದನ್ನ. ಹಾಗಿರೋವಾಗ ಅಲ್ಲೇ ಆಟ ನಡೆಸಿದ್ದು ಸಾರ್ವಜನಿಕರಿಗೆ ಉಪದ್ರವ ಅಂತ ಹೇಳಿ ಡ್ರೈವರನ ಪರ ತೀರ್ಪು ಕೊಡ್ತು.

ಇದರಲ್ಲಿ ಹೊಟ್ಟೆ ಉರಿಸೋ ಇನ್ನೊಂದು ವಿಷಯ ಇದೆ. ಆ ಕಣ್ಣು ಉಳಿಸಬಹುದಾಗಿದ್ದ ಗಾಜು ಅಷ್ಟು ಹೊತ್ತಿಗಾಗಲೇ ಹುಟ್ಟಿತ್ತು! 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರ ಲ್ಯಾಬಲ್ಲಿ ಒಂದು ಗಾಜಿನ ಬುಡ್ಡಿ ಕೆಳಗೆ ಬಿತ್ತು. ಸೀಳಿತು, ಆದ್ರೆ ಚೂರು ಉದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಚೂರುಗಳನ್ನ ಹಿಡ್ಕೊಂಡಿತ್ತು. ಅದರಿಂದ ಅವರು ಎರಡು ಗಾಜಿನ ನಡುವೆ ತೆಳು ಪದರ ಇಟ್ಟು ಲ್ಯಾಮಿನೇಟೆಡ್ ಗಾಜು ಮಾಡಿ 1909ರಲ್ಲಿ ಪೇಟೆಂಟ್ ತಗೊಂಡ್ರು. ಮೊದಲ ಮಹಾಯುದ್ಧದಲ್ಲಿ ಗ್ಯಾಸ್ ಮಾಸ್ಕಿನ ಕಣ್ಣಿನ ಭಾಗಕ್ಕೆ ಇದೇ ಗಾಜು. ಆದ್ರೆ ಸಾಮಾನ್ಯ ಟ್ಯಾಕ್ಸಿಗೆ ಅದು ಇನ್ನೂ ಬಂದಿರಲಿಲ್ಲ.

ವಿದ್ಯೆ ಇದ್ರೂ ಅದು ಎಲ್ಲರ ಮನೆ ಬಾಗಿಲಿಗೆ ಬರೋಕೆ ಟೈಮ್ ಬೇಕು. ಆ ನಡುವಿನ ಟೈಮಲ್ಲಿ ಯಾರದೋ ಕಣ್ಣು ಹೋಗಿರುತ್ತೆ.

ಭಾಗ 5/8: ನಮ್ಮ ಗಲ್ಲಿ ಜಗಳವೇ, ಆದ್ರೆ ಕೋರ್ಟಲ್ಲಿ

"ಆಂಟಿ ಬಾಲ್ ಕೊಡಿ ಪ್ಲೀಸ್" ಅಂತ ಗೇಟ್ ಮುಂದೆ ನಿಂತವ್ರೆಲ್ಲ ಈ ಭಾಗ ಓದ್ಲೇಬೇಕು. ಲಾ ಓದ್ತಿರೋ ಫ್ರೆಂಡ್ಸ್‌ಗೆ ಈ ಎರಡೂ ಕೇಸು ಗೊತ್ತಿರುತ್ತೆ.

ಮೊದಲನೇದು ಮ್ಯಾಂಚೆಸ್ಟರ್, 1947. ಬ್ಯಾಟ್ಸ್‌ಮನ್ ಎತ್ತಿ ಹೊಡೆದ ಕ್ರಿಕೆಟ್ ಚೆಂಡು ಬೇಲಿ ದಾಟಿ, ಸುಮಾರು 100 ಗಜ ಆಚೆ, ತನ್ನ ಮನೆ ಮುಂದೆ ನಿಂತಿದ್ದ ಹೆಂಗಸಿಗೆ ತಗಲಿತು. ಬೇಲಿ 7 ಅಡಿ, ಆದ್ರೆ ನೆಲ ಏರಿದ್ದರಿಂದ ಪಿಚ್ ಮಟ್ಟಕ್ಕಿಂತ 17 ಅಡಿ ಮೇಲಿತ್ತು. ಸುಮಾರು 30 ವರ್ಷದಲ್ಲಿ ಚೆಂಡು ಆ ಕಡೆ ಆಚೆ ಹೋಗಿದ್ದು ಒಂದಾರು ಸಲವಷ್ಟೇ. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಅಪಾಯ ಇಷ್ಟು ಅಪರೂಪ ಆಗಿರೋವಾಗ ಕ್ಲಬ್ ನಿರ್ಲಕ್ಷ್ಯ ಮಾಡಿದೆ ಅನ್ನೋಕಾಗಲ್ಲ. ಆದ್ರೆ ಅದೇ ತೀರ್ಪಲ್ಲಿ ಲಾರ್ಡ್ ರೀಡ್ ಇನ್ನೊಂದು ಮಾತೂ ಸೇರಿಸಿದ್ರು. ಒಂದು ಜಾಗದಲ್ಲಿ ಆಡಿದ್ರೆ ಬೇರೆಯವರಿಗೆ ನಿಜವಾದ ಅಪಾಯ ಅಂತಾದ್ರೆ ಅಲ್ಲಿ ಆಡ್ಲೇಬಾರದು ಅಂತ.

ಎರಡನೇದು ಡರ್ಹಮ್ ಪ್ರಾಂತ್ಯದ ಲಿಂಟ್ಜ್ ಅನ್ನೋ ಹಳ್ಳಿ. 1905ರಿಂದ ಅಲ್ಲಿ ಕ್ರಿಕೆಟ್. 1972ರಲ್ಲಿ ಮೈದಾನದ ಪಕ್ಕ ಮನೆಗಳು ಬಂದ್ವು. ಚೆಂಡುಗಳು ಅಂಗಳಕ್ಕೆ, ಹೆಂಚಿಗೆ, ಕಿಟಕಿಗೆ ಬೀಳೋಕೆ ಶುರು. ಕ್ಲಬ್ ಬೇಲಿಯನ್ನ ಸುಮಾರು 15 ಅಡಿಗೆ ಎತ್ತರಿಸ್ತು. "ನಿಮ್ಮ ಕಿಟಕಿಗೆ ಒಡೆಯದ ಗಾಜು ಹಾಕಿ ಕೊಡ್ತೀವಿ, ಆಟದ ದಿನ ಅಂಗಳದ ಮೇಲೆ ಬಲೆ ಕಟ್ತೀವಿ" ಅಂತಾನೂ ಹೇಳ್ತು. ಮನೆಯವ್ರು ಒಪ್ಪಲಿಲ್ಲ. ಬಲೆ ಕೆಳಗೆ ಕೂತು ಕಾಫಿ ಕುಡಿಯೋಕೆ ಮನೆ ತಗೊಂಡ್ವಾ ಅಂತ ಅನ್ನಿಸಿರ್ಬೇಕು.

1977ರಲ್ಲಿ ಅಪೀಲು ಕೋರ್ಟಿನ ಮೂವರು ಜಡ್ಜ್‌ಗಳಲ್ಲಿ ಲಾರ್ಡ್ ಡೆನ್ನಿಂಗ್ ಪೂರ್ತಿ ಕ್ರಿಕೆಟ್ ಪರ. ಆದ್ರೆ ಉಳಿದ ಇಬ್ರು "ಇದು ಉಪದ್ರವವೇ" ಅಂದ್ರು. ಮೊದಲು ಬಂದವ್ರು ಅನ್ನೋ ಒಂದೇ ಕಾರಣಕ್ಕೆ ಬಚಾವ್ ಆಗೋಕಾಗಲ್ಲ ಅನ್ನೋದು 1879ರ ಇನ್ನೊಂದು ಇಂಗ್ಲಿಷ್ ಕೇಸಿಂದಲೇ ಬಂದ ನಿಯಮ. ಕೊನೆಗೆ ಆಟ ನಿಲ್ಲಿಸೋ ಆದೇಶ ರದ್ದಾಯ್ತು, ಮನೆಯವರಿಗೆ 400 ಪೌಂಡ್ ಪರಿಹಾರ ಸಿಕ್ತು. ಆಟವೂ ನಡೀಲಿ, ದುಡ್ಡೂ ಕೊಡ್ಲಿ ಅನ್ನೋ ರಾಜಿ.

ಎರಡೂ ಕೇಸಲ್ಲಿ ಮುಖ್ಯ ಆಗಿದ್ದು ಒಂದೇ ಪ್ರಶ್ನೆ. ಎಷ್ಟು ಸಲ? 30 ವರ್ಷಕ್ಕೆ ಆರು ಸಲಾನಾ, ಪ್ರತಿ ಸೀಸನ್ನಲ್ಲೂ ಬರ್ತಾನೇ ಇದ್ಯಾ?

ಈಗ ಟೀಚರ್ ಚೆಂಡಿನ ಮೇಲೆ ಬರೆದ ತಾರೀಖು ನೆನಪಾಯ್ತಾ?

ಭಾಗ 6/8: ಚೆಂಡು ಬರುತ್ತೆ ಅಂತ ಗೊತ್ತಿದ್ದೂ ತಗೊಂಡ ಮನೆ

20ನೇ ಶತಮಾನದ ಎರಡನೇ ಅರ್ಧದಲ್ಲಿ ಅಮೆರಿಕದ ಬಿಲ್ಡರ್‌ಗಳು ಕಥೆಯನ್ನ ಉಲ್ಟಾ ಮಾಡಿದ್ರು. ಮೊದಲು ಮೈದಾನ, ಅದರ ಅಂಚಿಗೆ ಸೈಟು. ಕಿಟಕಿ ತೆಗೆದ್ರೆ ಹಸಿರು ಹುಲ್ಲು ಅಂತ ಹೇಳಿ ಹೆಚ್ಚಿನ ಬೆಲೆಗೆ ಮಾರಾಟ. ಸೌತ್ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪದಲ್ಲಿ ಚಾರ್ಲ್ಸ್ ಫ್ರೇಸರ್ ಕಟ್ಟಿದ ಸೀ ಪೈನ್ಸ್ ಈ ಥರದ ಬಡಾವಣೆಗಳಲ್ಲಿ ಹೆಸರುವಾಸಿ.

ಇಲ್ಲಿ ಒಂದು ಚಾಲಾಕಿ ಇದೆ. ಇಂಥ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ ಮೈದಾನಕ್ಕೆ ಹಕ್ಕು ಬರೆದುಕೊಟ್ಟಿರುತ್ತೆ. ಸಣ್ಣ ಅಕ್ಷರದಲ್ಲಿ, ಹತ್ತಾರು ಪುಟದ ನಡುವೆ. ಸಹಿ ಹಾಕೋವಾಗ ಯಾರು ಓದ್ತಾರೆ?

ಮ್ಯಾಸಚೂಸೆಟ್ಸ್ ರಾಜ್ಯದ ಕಿಂಗ್‌ಸ್ಟನ್ ಊರಲ್ಲಿ ಒಂದು ಕುಟುಂಬ 2017ರಲ್ಲಿ ಇಂಥ ಮನೆ ತಗೊಂಡ್ತು. ಪಕ್ಕದಲ್ಲಿ 15ನೇ ಹೋಲ್. ಕೆಲವೇ ವರ್ಷದಲ್ಲಿ ಮನೆಗೂ ಅಂಗಳಕ್ಕೂ ಬಂದ ಚೆಂಡು ಸುಮಾರು 700. ಕಿಟಕಿಗಳು ಒಡೆದ್ವು. ಮನೆಯಲ್ಲಿ ಚಿಕ್ಕ ಮಕ್ಕಳು. ಕೇಸು ಹಾಕಿದ್ರು. 2021ರಲ್ಲಿ ಜ್ಯೂರಿ 35 ಲಕ್ಷ ಡಾಲರ್ ಪರಿಹಾರ ಕೊಟ್ಟಿತು, ಬಡ್ಡಿ ಸೇರಿ ಸುಮಾರು 49 ಲಕ್ಷ.

ಗೆದ್ರು ಅಂದ್ಕೊಂಡ್ರಾ? 2022ರ ಡಿಸೆಂಬರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆ ತೀರ್ಪನ್ನ ಪಕ್ಕಕ್ಕಿಟ್ಟಿತು. ದಾಖಲೆ ಪ್ರಕಾರ ಕ್ಲಬ್ಬಿಗೆ ಮೈದಾನವನ್ನ ಸಮಂಜಸವಾಗಿ ನಡೆಸೋ ಹಕ್ಕಿತ್ತು. ಹಾಗಾದ್ರೆ ಮೈದಾನವನ್ನ ನಡೆಸಿದ ರೀತಿ ಸಮಂಜಸವಾಗಿತ್ತಾ? ಆ ಪ್ರಶ್ನೆಯನ್ನ ಜ್ಯೂರಿ ಮುಂದೆ ಸರಿಯಾಗಿ ಇಟ್ಟೇ ಇರಲಿಲ್ಲ ಅನ್ನೋದು ಕಾರಣ.

ಇದನ್ನ ಓದಿ ನಾನು ಅಪ್ಪನ ಹತ್ರ ಹೋಗಿ ನಮ್ಮ ಮನೆ ಕ್ರಯಪತ್ರ ತೆಗೆಸಿ ನೋಡ್ದೆ. ಮೊದಲ ಸಲ.

ಭಾಗ 7/8: ಹಾಗಾದ್ರೆ ಕಿಟಕಿ ಉಳಿಸೋದು ಹೇಗೆ?

ಈ ಭಾಗಕ್ಕೆ ಮೇಷ್ಟ್ರು ನಮ್ಮ ಮಾವ. ಸ್ವೈಪ್ ಮಾಡಿ, ನಾಲ್ಕು ಥರದ ಗಾಜಿನ ಫೋಟೋ ಹಾಕಿದ್ದೀನಿ.

ಒಂದು, ಪ್ಲೇನ್ ಗಾಜು. ನಮ್ಮೆಲ್ಲರ ಮನೆಯಲ್ಲಿ ಇರೋದು. ಒಡೆದ್ರೆ ಚೂರಿ ಥರ ಉದ್ದುದ್ದ ಚೂರು. ಗಾಯ ಮಾಡೋದು ಚೆಂಡಿಗಿಂತ ಇದೇ ಹೆಚ್ಚು.

ಎರಡು, ಟಫನ್ಡ್ ಗಾಜು. ಕಾಯಿಸಿ ತಕ್ಷಣ ಗಾಳಿ ಬಿಟ್ಟು ತಣ್ಣಗೆ ಮಾಡಿರ್ತಾರೆ. ಪ್ಲೇನ್ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದ್ರೂ ಕಲ್ಲುಸಕ್ಕರೆ ಥರ ಪುಡಿಪುಡಿ. ಫ್ರಾನ್ಸಿನ ದ ಲಾ ಬಾಸ್ತಿ ಅನ್ನೋರು 1874ರಲ್ಲೇ ಗಾಜನ್ನ ಹೀಗೆ ಗಟ್ಟಿ ಮಾಡೋ ಒಂದು ವಿಧಾನಕ್ಕೆ ಪೇಟೆಂಟ್ ತಗೊಂಡಿದ್ರು. ಮಾವ ಹೇಳೋದು: "ಟಫನ್ ಆದ್ಮೇಲೆ ಕಟ್ ಮಾಡೋಕೆ ಆಗಲ್ಲ ಮಗಾ. ಅಳತೆ ತಪ್ಪಿದ್ರೆ ದುಡ್ಡು ಹೋಯ್ತು ಅಂತಾನೇ."

ಮೂರು, ಲ್ಯಾಮಿನೇಟೆಡ್. ಭಾಗ 4ರಲ್ಲಿ ಹೇಳಿದ್ದು. ಚೆಂಡು ಬಿದ್ರೆ ಜೇಡರ ಬಲೆ ಥರ ಸೀಳುತ್ತೆ, ಆದ್ರೆ ಚೂರುಗಳು ಅಂಟ್ಕೊಂಡೇ ಇರ್ತವೆ. ಗಾಜು ಹೋದ್ರೂ ಒಳಗಿರೋರು ಕ್ಷೇಮ.

ನಾಲ್ಕು, ಪಾಲಿಕಾರ್ಬೊನೇಟ್ ಶೀಟ್. ಇದು ಗಾಜಲ್ಲ, ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಬಾಯರ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ್ರು. ಒಡೆಯೋದು ಬಹಳ ಕಷ್ಟ. ಆದ್ರೆ ಬೇಗ ಗೀರು ಬೀಳುತ್ತೆ, ಯು.ವಿ. ಲೇಪನ ಇಲ್ದಿದ್ರೆ ಬಿಸಿಲಿಗೆ ಹಳದಿ ಆಗುತ್ತೆ.

ಇದೆಲ್ಲಕ್ಕಿಂತ ಮೊದಲು ಬಲೆ. ಬಲೆಯನ್ನ ಬಿಗಿಯಾಗಿ ಎಳೆದು ಕಟ್ಟಿದ್ರೆ ಚೆಂಡು ಪುಟಿಯುತ್ತೆ, ಬಲೆಯೂ ಹರಿಯುತ್ತೆ. ಸ್ವಲ್ಪ ಸಡಿಲ ಬಿಟ್ಟು, ಗಾಜಿಂದ ಒಂದೆರಡು ಅಡಿ ಮುಂದೆ ಇಳಿಬಿಟ್ರೆ ಚೆಂಡಿನ ಜೋರು ಅದರಲ್ಲೇ ಸತ್ತು ಕೆಳಗೆ ಬೀಳುತ್ತೆ. ಸ್ಲಿಪ್ಪಲ್ಲಿ ಕ್ಯಾಚ್ ಹಿಡಿಯೋವಾಗ ಕೈ ಹಿಂದಕ್ಕೆ ಬಿಡ್ತೀವಲ್ಲ, ಅದೇ ಲೆಕ್ಕ. ಗಾಜಿಗೇ ತಾಗಿಸಿ ಕಟ್ಟಿದ್ರೆ ಪ್ರಯೋಜನ ಇಲ್ಲ.

ಆದ್ರೆ ಎಲ್ಲಕ್ಕಿಂತ ಒಳ್ಳೇ ಉಪಾಯ ಮನೆಯವ್ರ ಕೈಯಲ್ಲಿಲ್ಲ. ಚೆಂಡು ಹೊಡೆಯೋ ಜಾಗವನ್ನ ಕೆಲವು ಗಜ ಸರಿಸೋದು, ಹೊಡೆಯೋ ದಿಕ್ಕನ್ನ ಮನೆಗಳಿಂದ ಆಚೆ ತಿರುಗಿಸೋದು, ಅಂಚಿಗೆ ದಟ್ಟ ಮರ ಬೆಳೆಸೋದು. ಅದು ಮೈದಾನದವ್ರು ಮಾಡ್ಬೇಕಾದ ಕೆಲಸ.

ಭಾಗ 8/8: ಮೇಜು ವಾಪಸ್ ಕಿಟಕಿಗೆ

ಬ್ರಿಟಿಷ್ ದ್ವೀಪಗಳ ಹೊರಗೆ ಇವತ್ತಿಗೂ ಇರೋ ಅತ್ಯಂತ ಹಳೇ ಗಾಲ್ಫ್ ಕ್ಲಬ್ 1829ರಲ್ಲಿ ಶುರುವಾದ ಕಲ್ಕತ್ತಾದ್ದು. ಬೆಂಗಳೂರಲ್ಲಿ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆಗ ಊರು ಎಷ್ಟಿತ್ತು, ಈಗ ಎಷ್ಟಿದೆ ಯೋಚನೆ ಮಾಡಿ. ಅವತ್ತು ಊರಾಚೆ ಅನ್ನಿಸಿದ ಬಯಲು ಇವತ್ತು ಊರ ನಡುವೆ. ಹೊಸ ಬಡಾವಣೆಗಳಂತೂ ಮೈದಾನದ ಹಸಿರನ್ನ ತೋರಿಸಿಯೇ ಮಾರಾಟ ಆಗ್ತವೆ. ಹಾಗಾಗಿ ಇದು ಸ್ಕಾಟ್ಲೆಂಡಿನ ಹಳೇ ಕಥೆಯಷ್ಟೇ ಅಲ್ಲ.

ಎರಡು ವಾರ ಬಿಟ್ಟು ನಾವು ಮತ್ತೆ ಟೀಚರ್ ಮನೆಗೆ ಹೋದ್ವಿ. ಮಾವ ಈ ಸಲ ಪ್ಲೇನ್ ಗಾಜು ತರಲಿಲ್ಲ. ಆ ಒಂದು ಕಿಟಕಿಗೆ ಲ್ಯಾಮಿನೇಟೆಡ್ ಹಾಕಿದ್ರು. ಸಜ್ಜದ ಅಂಚಿಗೆ ಕೊಕ್ಕೆ ಹೊಡೆದು ನೈಲಾನ್ ಬಲೆ ಸಡಿಲವಾಗಿ ಇಳಿಬಿಟ್ರು. ಕೂಲಿ ಅರ್ಧ ಮಾತ್ರ ತಗೊಂಡ್ರು. "ಮೂರು ಸಲ ಅದೇ ಗಾಜು ಹಾಕಿದ್ದು ನನ್ನದೂ ತಪ್ಪೇ ಅಮ್ಮ, ಮೊದಲೇ ಹೇಳ್ಬೇಕಿತ್ತು" ಅಂದ್ರು. ಮಾವನ ಬಾಯಿಂದ "ನನ್ನ ತಪ್ಪು" ಅನ್ನೋದನ್ನ ನಾನು ಕೇಳಿದ್ದು ಅದೇ ಮೊದಲು.

ನಾನು ಟೀಚರ್‌ಗೆ ಟ್ಯಾಕ್ಸಿ ಡ್ರೈವರನ ಕಥೆ, ಆರು ಸಲದ ಕಥೆ, 700 ಚೆಂಡಿನ ಕಥೆ ಎಲ್ಲಾ ಹೇಳ್ದೆ. ಅವರು ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ ರಾಗಿ ಡಬ್ಬ ತಂದು, ಮೊಮ್ಮಗಳ ಕೈಗೆ ಒಂದು ಹಾಳೆ ಕೊಟ್ಟು, "ಬರೀ" ಅಂದ್ರು. ಅಜ್ಜಿ ಒಂದೊಂದೇ ಚೆಂಡು ತೆಗೆದು ತಾರೀಖು ಓದೋದು, ಹುಡುಗಿ ಬರೆಯೋದು. ಅಷ್ಟರಲ್ಲಿ ಡಬ್ಬಕ್ಕೆ ಇನ್ನೊಂದು ಸೇರಿತ್ತು. ಒಟ್ಟು 42 ಸಾಲು.

ಆ ಪಟ್ಟಿ ಜೊತೆಗೆ ಒಂದು ಅರ್ಜಿ ಬರೆದು ಮೈದಾನದ ಆಫೀಸಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬಂದಿದ್ದಾರೆ. ಕೇಳಿರೋದು ಎರಡೇ. ಚೆಂಡು ಹೊಡೆಯೋ ದಿಕ್ಕು ಬದಲಿಸಿ, ಇಲ್ಲ ನಿಮ್ಮ ಖರ್ಚಲ್ಲಿ ಎತ್ತರದ ಬಲೆ ಹಾಕಿ. ಇದನ್ನ ಬರೆಯೋವರೆಗೆ ಉತ್ತರ ಬಂದಿಲ್ಲ. ಬಂದ್ರೆ ಸ್ಟೋರಿಯಲ್ಲಿ ಹಾಕ್ತೀನಿ.

ಈ ಹುಡುಕಾಟದಿಂದ ನಂಗೆ ಅರ್ಥ ಆಗಿದ್ದು ಇಷ್ಟು. ಗಾಜು ಗಟ್ಟಿ ಮಾಡೋದನ್ನ ಮನುಷ್ಯ ಬೇಗ ಕಲಿತ. ಒಡೆದ ಗಾಜಿಗೆ ಹೊಣೆ ಯಾರದು ಅಂತ ಒಪ್ಕೊಳ್ಳೋದನ್ನ ಇನ್ನೂ ಕಲೀತಿದ್ದಾನೆ. ಅಲ್ಲಿವರೆಗೆ ತಾರೀಖು ಬರೆದಿಟ್ಕೊಳ್ಳೋರು ಬೇಕು.

ಕೊನೇ ಫೋಟೋ ನೋಡಿ, ಅನುಮತಿ ಕೇಳಿಯೇ ತೆಗೆದಿದ್ದು. ಮೇಜು ವಾಪಸ್ ಕಿಟಕಿ ಪಕ್ಕ ಬಂದಿದೆ. ಬಲೆಯ ನೆರಳು ನೋಟ್‌ಬುಕ್ ಮೇಲೆ ಚೌಕ ಚೌಕ ಬಿದ್ದಿದೆ. ಲೈಟ್ ಆಫ್ ಇದೆ.

ನೀವು ಚಿಕ್ಕವರಿದ್ದಾಗ ಯಾರ ಮನೆ ಗಾಜು ಒಡೆದಿದ್ರಿ? ದುಡ್ಡು ಕೊಟ್ರಾ, ಓಡಿಹೋದ್ರಾ? ನಿಜ ಹೇಳಿ, ಕಾಮೆಂಟಲ್ಲಿ ಕಾಯ್ತಿರ್ತೀನಿ.

#ಗಾಜಿನಕಥೆ #ಇತಿಹಾಸಓದೋಣ #ಕನ್ನಡದಲ್ಲಿಇತಿಹಾಸ #ಮಾವನಗಾಜಿನಂಗಡಿ